ಹೊನ್ನರಗಿ ಮಠದ ಹೊಸ್ತಿಲು

ಭೀಮಾ ನದಿಯ ದಕ್ಷಿಣಕ್ಕೆ, ಎರೆಭೂಮಿಯ ನಡುವೆ ಇರುವ ಹೊನ್ನರಗಿ ನಮ್ಮೂರು. ಊರು ಸಣ್ಣದು. ಬಸ್ಸು ಕೂಡ ಮನಸ್ಸಿದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಧೂಳೆಬ್ಬಿಸಿ ಹೋಗುತ್ತದೆ. ಆದರೂ ಎಲ್ಲಿಯವರೆಂದು ಯಾರಾದರೂ ಕೇಳಿದರೆ ನಾವು ಊರ ಹೆಸರನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಪೂಜ್ಯ ಶ್ರೀ ರೇವಯ್ಯ ಮುತ್ಯಾನವರು ಬಾಳಿದ ನೆಲ ಇದು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಗುರುವೂ ಆಗಿ, ಮನೆಯ ಹಿರಿಯರಂತೆಯೂ ಇದ್ದವರನ್ನು ನಾವು ಹಾಗೆ ಕರೆಯುತ್ತೇವೆ.

ಮುತ್ಯಾನವರ ಮಠವೆಂದರೆ ಮಣ್ಣಿನ ಮಾಳಿಗೆಯ ಒಂದು ಮನೆ, ಮುಂದೊಂದು ಬೇವಿನ ಮರ, ಅಷ್ಟೇ. ಬೆಳ್ಳಿಯ ಪಲ್ಲಕ್ಕಿಯಿಲ್ಲ, ಕಿರೀಟವಿಲ್ಲ. ಬೆಳಗಿನ ಪೂಜೆ ಮುಗಿಸಿ, ಒಂದು ರೊಟ್ಟಿ ಪ್ರಸಾದ ಸ್ವೀಕರಿಸಿ, ಅವರು ಬೇವಿನ ನೆರಳಿನಲ್ಲಿ ಪುಂಡಿನಾರಿನ ಹಗ್ಗ ಹೊಸೆಯುತ್ತ ಕುಳಿತುಕೊಳ್ಳುತ್ತಿದ್ದರು. ಎತ್ತಿನ ಕಣ್ಣಿ ಹರಿದವರು ಬಂದು ಕೇಳಿದರೆ ಹೊಸೆದ ಹಗ್ಗವನ್ನು ಕೊಟ್ಟುಬಿಡುತ್ತಿದ್ದರು. ಮಾತು ಬಹಳ ಕಡಿಮೆ. ಅವರ ಒಂದು ಮಾತಿಗಾಗಿ ಜನ ದಿನವಿಡೀ ಕಾದದ್ದುಂಟು, ಮಾತು ಸಿಗದೆ ಹಗ್ಗ ಮಾತ್ರ ಹಿಡಿದು ಮನೆಗೆ ಹೋದದ್ದೂ ಉಂಟು.

ಮಠಕ್ಕೆ ಹೆಸರು ಬಂದದ್ದು ಅದರ ಹೊಸ್ತಿಲಿನಿಂದ. ಅದು ಹೊನ್ನೆ ಮರದ್ದು, ಒಂದು ಗೇಣು ದಪ್ಪ. ಮುತ್ಯಾನವರ ಗುರುಗಳಾದ ಹಿರಿಯ ಮುತ್ಯಾನವರು ತಮ್ಮ ಕೈಯಾರೆ ಕೂಡಿಸಿದ್ದು. ಕೂಡಿಸುವಾಗ ಅವರು, "ಈ ಹೊಸ್ತಿಲದ ಒಳಗ ಬಂದವ್ರಿಗೆ ವಿಷ ಏರೂದಿಲ್ಲ" ಎಂದರಂತೆ. ಅಂದಿನಿಂದ ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೇ ಹಾವು ಕಚ್ಚಲಿ, ಅವರನ್ನು ಹೊತ್ತು ತಂದು ಈ ಹೊಸ್ತಿಲ ಒಳಗೆ ಮಲಗಿಸುವುದು ರೂಢಿಯಾಯಿತು. ಹಣೆಗೆ ವಿಭೂತಿ, ಬಾಯಿಗೆ ಬೇವಿನ ಎಲೆ, ನಿದ್ದೆ ಬಾರದಂತೆ ರಾತ್ರಿಯೆಲ್ಲ ಭಜನೆ. ಮರುದಿನ ಸೂರ್ಯ ಮೂಡಿ ಹೊಸ್ತಿಲ ಮೇಲೆ ಬಿಸಿಲು ಬೀಳುವವರೆಗೆ ಹೊರಗೆ ಒಯ್ಯುವ ಹಾಗಿಲ್ಲ. ನಡುವೆ ಹೊಸ್ತಿಲು ದಾಟಿಸಿದರೆ ವಿಷ ನೆತ್ತಿಗೇರುತ್ತದೆ ಎಂಬುದು ಎಲ್ಲರ ನಂಬಿಕೆ. ಹಾಗೆ ದಾಟಿಸಿಕೊಂಡು ಹೋದವರೊಬ್ಬರು ಊರ ಹಳ್ಳದಲ್ಲಿಯೇ ಪ್ರಾಣ ಬಿಟ್ಟ ಕಥೆ ಮಕ್ಕಳಿಗೂ ಬಾಯಿಪಾಠವಾಗಿತ್ತು.

ನಾನು ಹೇಳಹೊರಟ ಪ್ರಸಂಗವನ್ನು ಕಣ್ಣಾರೆ ಕಂಡವರು ಮಠದ ಹಿರಿಯ ಭಕ್ತರಾದ ಶರಣಗೌಡ ಪಾಟೀಲರು. ಅವರ ಬಾಯಿಂದ ನಾನು ಇದನ್ನು ಅನೇಕ ಸಲ ಕೇಳಿದ್ದೇನೆ. ಇದರಲ್ಲಿ ಬರುವ ಹಾರೆಯ ತೂಕ ಗೌಡರ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತೆಂಬುದು ನಿಜ. ಉಳಿದದ್ದರಲ್ಲಿ ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ.

ಜೋಳದ ರಾಶಿ ಮುಗಿದು, ಹೊಲದಲ್ಲಿ ಕಣಿಕೆಯ, ಎಂದರೆ ಒಣ ದಂಟಿನ, ಬಣವೆಗಳು ಎದ್ದಿದ್ದ ದಿನಗಳು. ಹಿಂದಿನ ವಾರವಷ್ಟೇ ತಳವಾರ ಸಾಬಣ್ಣ ಹಾವು ಕಚ್ಚಿ ಮಠದಲ್ಲಿಯೇ ತೀರಿಕೊಂಡಿದ್ದ. ಒಂದು ಮಧ್ಯಾಹ್ನ ಹೋಬಳಿಯ ಸರಕಾರಿ ದವಾಖಾನೆಯ ಜೀಪು ಬಂದು ಬೇವಿನ ಮರದ ಕೆಳಗೆ ನಿಂತಿತು. ಇಳಿದವರು ಡಾಕ್ಟರ್ ಇಂದುಮತಿಯವರು. ಹಾಸನದ ಕಡೆಯವರು, ಇನ್ನೂ ಎಳೆಯ ವಯಸ್ಸು. ನಮ್ಮ ಜನ ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದರು. ಹಾಗೆ ಕರೆದದ್ದು ಅವರಿಗೆ ಹಿಡಿಸುತ್ತಿರಲಿಲ್ಲ. ನಮ್ಮ ಬಿಸಿಲು, ನಮ್ಮ ಖಾರ, ನಮ್ಮ ಮಾತು, ಯಾವುದೂ ಅವರಿಗೆ ಇನ್ನೂ ಹಿಡಿಸಿರಲಿಲ್ಲ.

ಅವರು ಕೈಮುಗಿಯಲಿಲ್ಲ. ಮುತ್ಯಾನವರ ಎದುರು ನಿಂತು, "ಸ್ವಾಮಿಗಳೇ, ನಾನು ದರ್ಶನಕ್ಕೆ ಬಂದಿಲ್ಲ. ಕೇಳೋಕೆ ಬಂದಿದ್ದೀನಿ. ಸಾಬಣ್ಣನ್ನ ಯಾಕೆ ನನ್ನ ಹತ್ರ ಕಳಿಸಲಿಲ್ಲ?" ಎಂದರು.

ಮುತ್ಯಾನವರು ಹಗ್ಗ ಹೊಸೆಯುವುದನ್ನು ನಿಲ್ಲಿಸಿ, ಕುಳಿತುಕೊಳ್ಳುವಂತೆ ಚಾಪೆ ತೋರಿಸಿದರು. ಡಾಕ್ಟರು ಕೂರಲಿಲ್ಲ.

"ಕಚ್ಚೋ ಹಾವುಗಳಲ್ಲಿ ಎಷ್ಟೋ ಹಾವಿಗೆ ವಿಷವೇ ಇರೋಲ್ಲ. ಅಂಥದ್ದು ಕಚ್ಚಿದವರು ಇಲ್ಲಿ ಮಲಗಿದ್ರೂ ಬದುಕ್ತಾರೆ, ಬಸ್ ಸ್ಟ್ಯಾಂಡಲ್ಲಿ ಮಲಗಿದ್ರೂ ಬದುಕ್ತಾರೆ. ವಿಷ ಏರಿದವರಿಗೆ ಬೇಕಾದ ಮದ್ದು ನನ್ನ ಫ್ರಿಜ್ಜಲ್ಲಿ ಹಾಗೇ ಕೂತಿದೆ. ಬದುಕಿದವರು ನಿಮ್ಮ ಹೊಸ್ತಿಲಿನಿಂದ ಬದುಕಿಲ್ಲ ಸ್ವಾಮಿಗಳೇ. ಸತ್ತವರು ಮಾತ್ರ ಅದರಿಂದ ಸತ್ತಿದ್ದಾರೆ."

ಅಂಗಳದಲ್ಲಿದ್ದ ಜನಕ್ಕೆ ಮೈಯೆಲ್ಲ ಉರಿದುಹೋಯಿತು. ಶರಣಗೌಡರು ಎದ್ದೇ ನಿಂತರು. "ನಾಲಿಗಿ ಬಿಗಿ ಹಿಡದ ಮಾತಾಡ್ರಿ, ಬಾಯಾರ. ಇದು ಮಠ!"

ಮುತ್ಯಾನವರು ಕೈಯೆತ್ತಿದರು. ಗೌಡರು ಗೊಣಗುತ್ತ ಕುಳಿತರು. ಗುರುಗಳು ಈ ಹುಡುಗಿಗೆ ತಕ್ಕ ಉತ್ತರ ಕೊಡುತ್ತಾರೆಂದು ಎಲ್ಲರೂ ಕಾದರು. ಅವರು ಕೊಟ್ಟದ್ದು ಉತ್ತರವಲ್ಲ. ಮೆಲ್ಲನೆ ಹೆಸರುಗಳನ್ನು ಹೇಳತೊಡಗಿದರು.

"ಸಾಬಣ್ಣ. ಅವನಕಿಂತ ಮೊದಲ ಬಡಿಗ್ಯಾರ ಕಾಳಮ್ಮ. ಹೊಳಿ ಆಚಿಯಿಂದ ಬಂದಿದ್ದ ಲಾಲಸಾಬ. ಮಠದ ದನಾ ಕಾಯತಿದ್ದ ಪರಸಪ್ಪ. ಇವರನೆಲ್ಲಾ ಈ ಹೊಸ್ತಿಲದಿಂದ ಹೊತಗೊಂಡು ಹೋಗೂದ ನೋಡೀನಿ, ಅವ್ವಾ. ನಿನಗಿಂತ ಹೆಚ್ಚ ನೋಡೀನಿ."

ಡಾಕ್ಟರು ಒಮ್ಮೆ ಜೀಪಿನ ಕಡೆಗೆ, ಒಮ್ಮೆ ಚಾಪೆಯ ಕಡೆಗೆ ನೋಡಿದರು. ಜಗಳಕ್ಕೆ ಬಂದವರಿಗೆ ಜಗಳ ಸಿಗದಿದ್ದರೆ ಹಾಗೆಯೇ ಆಗುತ್ತದೆ.

ಮುತ್ಯಾನವರು ಕೇಳಿದರು: "ನಿನ್ನ ಬಾಗಲಿಗೆ ಮಂದಿ ಯಾಕ ಬರೂದಿಲ್ಲ?"

"ಮೂಢನಂಬಿಕೆ" ಎಂದರು ಡಾಕ್ಟರು.

"ಇರಬೌದು" ಎಂದು ಮುತ್ಯಾನವರು ಮತ್ತೆ ಹಗ್ಗ ಕೈಗೆತ್ತಿಕೊಂಡರು.

ಇಲ್ಲಿ ನಾನು ನಮ್ಮ ಜನದ ಪರವಾಗಿ ಒಂದು ಮಾತು ಹೇಳಲೇಬೇಕು. ನಾವು ದಡ್ಡರಲ್ಲ. ಎತ್ತಿಗೆ ಬೇನೆಯಾದರೆ ಪಶುವೈದ್ಯರನ್ನು ಹುಡುಕಿಕೊಂಡು ಹೋಗುತ್ತೇವೆ, ಹೊಸ ಬೀಜ ಬಂದರೆ ಬಿತ್ತಿ ನೋಡುತ್ತೇವೆ. ಆದರೆ ಆ ದವಾಖಾನೆಯ ಬಾಗಿಲಿಗೆ ಹೋದವನಿಗೆ ಮೊದಲು ಎದುರಾಗುತ್ತಿದ್ದವನು ಜವಾನ. "ಏ, ಹಿಂದಕ್ಕ ಸರಿ! ಚಪ್ಪಲಿ ಬಿಡು! ಮಂದಿ ಎಲ್ಲಾ ಯಾಕ ಬಂದೀರಿ?" ಒಳಗೆ ಡಾಕ್ಟರು ತಲೆಯೆತ್ತದೆ ಕೇಳುತ್ತಿದ್ದ ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಮಠದಲ್ಲಾದರೆ, "ಬಾ ತಮ್ಮಾ, ನೀರ ಕುಡಿ" ಎನ್ನುವವರಿದ್ದರು, ರಾತ್ರಿಯೆಲ್ಲ ಪಕ್ಕದಲ್ಲಿ ಕೂರುವವರಿದ್ದರು. ಹೀಗಾಗಿ ಮೊದಲು ಮಠ, ಆಮೇಲೆ ಬೇರಿನ ಮದ್ದು, ಕೊನೆಗೆ ಉಸಿರು ಗಂಟಲಿಗೆ ಬಂದಾಗ ದವಾಖಾನೆ. ಅಷ್ಟು ಹೊತ್ತಿಗೆ ಯಾವ ಸೂಜಿ ತಾನೇ ಏನು ಮಾಡೀತು? ಹೋದವರು ಹೆಣವಾಗಿ ಬರುತ್ತಿದ್ದರು. "ನೋಡ್ರಿ, ದವಾಖಾನಿಗೆ ಹೋದವ್ರು ಉಳಿಯೂದಿಲ್ಲ" ಎಂದು ನಾವು ತಲೆಯಾಡಿಸುತ್ತಿದ್ದೆವು. ನಾವೇ ತಡಮಾಡಿ ನಾವೇ ದವಾಖಾನೆಗೆ ಕೆಟ್ಟ ಹೆಸರಿಡುತ್ತಿದ್ದೆವು ಎಂಬುದು ನಮಗೆ ಹೊಳೆಯಲಿಲ್ಲ.

ಡಾಕ್ಟರು ಸಿಟ್ಟಿನಿಂದ ಜೀಪಿನ ಕಡೆಗೆ ತಿರುಗಿದ್ದರು. ಅಷ್ಟರಲ್ಲಿ ಹೊಲದ ದಾರಿಯಿಂದ ಕೂಗು ಕೇಳಿಸಿತು. ಕುರುಬರ ಅಮೋಗಿ ತನ್ನ ಮಗಳನ್ನು ಹೆಗಲಮೇಲೆ ಹಾಕಿಕೊಂಡು ಓಡಿಬರುತ್ತಿದ್ದ. ಮಗಳ ಹೆಸರು ಮಾಳವ್ವ, ಆಗಷ್ಟೇ ಹರೆಯಕ್ಕೆ ಬಂದ ಹುಡುಗಿ. ತಾಯಿ ಇಲ್ಲದ ಆ ಕೂಸನ್ನು ಅಮೋಗಿ ಕುರಿಯ ಹಿಂದೆ ಊರೂರು ತಿರುಗುತ್ತ, ಕಂಬಳಿಯಲ್ಲಿ ಸುತ್ತಿಕೊಂಡು ಬೆಳೆಸಿದ್ದ. ಅವನಿಗೆ ಅವಳೊಬ್ಬಳೇ. ಬಣವೆಯಿಂದ ಕಣಿಕೆ ಸೂಡು ಎಳೆಯುವಾಗ ಅದರೊಳಗಿದ್ದ ಹಾವು ಅವಳ ಕಾಲಿನ ಹರಡಿಗೆ ಕಚ್ಚಿತ್ತು.

ಅಮೋಗಿ ಯಾರನ್ನೂ ನೋಡಲಿಲ್ಲ. ನೇರವಾಗಿ ಹೊಸ್ತಿಲು ದಾಟಿ ಒಳಗೆ ಹೋಗಿ ಮಗಳನ್ನು ನೆಲದ ಮೇಲೆ ಮಲಗಿಸಿ, "ಬಂದ್ವಿ ಮಾಳವ್ವ, ಒಳಗ ಬಂದ್ವಿ. ಇನ್ನ ಏನೂ ಆಗೂದಿಲ್ಲ" ಎಂದು ಉಸಿರು ಬಿಟ್ಟ.

ಡಾಕ್ಟರು ಅವನ ಹಿಂದೆಯೇ ಒಳಗೆ ಧಾವಿಸಿದರು. ಕಾಲು ಮೊಣಕಾಲಿನವರೆಗೆ ಬಾತಿತ್ತು. ತುಟಿ ಬಿಡಿಸಿ ನೋಡಿದರು, ಒಸಡಿನಿಂದ ರಕ್ತ ಜಿನುಗುತ್ತಿತ್ತು. "ಕೊಳಕುಮಂಡಲ. ಇದು ಸುಮ್ಮನೆ ಬಿಡೋ ಹಾವಲ್ಲ. ಎತ್ತಿ, ಜೀಪಿಗೆ ಹಾಕಿ. ಈಗಲೇ!"

ಅಮೋಗಿ ಎರಡೂ ಕೈ ಚಾಚಿ ಮಗಳಿಗೆ ಅಡ್ಡ ನಿಂತ. "ಮುಟ್ಟಬ್ಯಾಡ್ರಿ! ಹೊಸ್ತಿಲ ದಾಟಸಿದ್ರ ನನ್ನ ಮಗಳು ಸಾಯ್ತಾಳ್ರಿ."

"ದಾಟಿಸದಿದ್ರೆ ಸಾಯ್ತಾಳೆ ಕಣಪ್ಪಾ! ರಕ್ತ ಹೆಪ್ಪುಗಟ್ಟೋದೇ ನಿಂತುಹೋಗ್ತಿದೆ."

"ನಿಮಗೇನ್ ಗೊತ್ತೈತ್ರೀ ಬಾಯಾರ? ನಮ್ಮ ಅಪ್ಪಗ ಕಚ್ಚಿತ್ತು, ಇಲ್ಲೇ ಉಳದ. ನನಗ ಕಚ್ಚಿತ್ತು, ಇಲ್ಲೇ ಉಳದೀನಿ."

ಡಾಕ್ಟರು ಸೋತು ಮುತ್ಯಾನವರ ಕಡೆಗೆ ನೋಡಿದರು. ಒಂದು ಗಳಿಗೆಯ ಹಿಂದೆ ಬೈದಿದ್ದ ಬಾಯಿಯಿಂದ ಈಗ ಬೇಡುವುದು ಹೇಗೆ? ಆದರೆ ಕಣ್ಣು ಬೇಡುತ್ತಿತ್ತು. ಮುತ್ಯಾನವರು ಒಳಗೆ ಬಂದು ಹುಡುಗಿಯ ಹಣೆ ಮುಟ್ಟಿ ನೋಡಿದರು. ವಿಭೂತಿ ಹಚ್ಚಿದರು. ಆಮೇಲೆ ಹೇಳಿದರು: "ಅಮೋಗಿ, ಕರಕೊಂಡು ಹೋಗಪ್ಪಾ. ದವಾಖಾನಿಗೆ ಹೋಗು."

ಅಷ್ಟು ಹೇಳಿದ್ದೇ ತಡ, ಬಾಗಿಲಲ್ಲಿ ನಿಂತಿದ್ದ ಹೆಂಗಸರು ಎದೆ ಬಡಿದುಕೊಂಡು ಅಳತೊಡಗಿದರು. ಡಾಕ್ಟರಿಗೆ ಇದು ಅರ್ಥವೇ ಆಗಲಿಲ್ಲ. ಹೋಗು ಎಂದರೆ ಇವರೇಕೆ ಅಳುತ್ತಾರೆ? ನಮ್ಮವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಉಳಿಯುವವರನ್ನು ಮುತ್ಯಾ ಇಟ್ಟುಕೊಳ್ಳುತ್ತಾರೆ, ಉಳಿಯದವರನ್ನು ಕಳಿಸುತ್ತಾರೆ. ಮುತ್ಯಾನವರೇ ದವಾಖಾನೆಯ ಹೆಸರೆತ್ತಿದರೆಂದರೆ ಕೈಬಿಟ್ಟರೆಂದೇ ಅರ್ಥ. ಅವರು ಹಾಗೆ ಎಂದೂ ಹೇಳಿದವರಲ್ಲ. ಜನವೇ ಹಾಗೊಂದು ಲೆಕ್ಕ ಹಾಕಿಕೊಂಡು, ಅದನ್ನು ಗುರುವಾಕ್ಯಕ್ಕಿಂತ ಗಟ್ಟಿ ಮಾಡಿಟ್ಟುಕೊಂಡಿತ್ತು.

ಮಾಳವ್ವ ಅಷ್ಟು ನೋವಿನಲ್ಲೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ತಂದೆಯ ಧೋತರದ ಚುಂಗು ಹಿಡಿದು, "ಯಪ್ಪಾ, ನಾ ಸಾಯ್ತೀನೇನು? ಮುತ್ಯಾ ಯಾಕ ಹೊರಗ ಕಳಸಾಕತ್ತಾರ?" ಎಂದಳು.

ಅಮೋಗಿ ಮುತ್ಯಾನವರ ಪಾದಕ್ಕೆ ಬಿದ್ದ. "ಕೈ ಬಿಡಬ್ಯಾಡ್ರೀ ಮುತ್ಯಾ. ಸತ್ತರ ನಿಮ್ಮ ಹೊಸ್ತಿಲ ಒಳಗ ಸಾಯ್ಲಿ. ಹೊರಗ ಹಾಕಬ್ಯಾಡ್ರಿ."

ಆ ಮಾತಿಗೆ ಮುತ್ಯಾನವರ ಮುಖ ಬಾಡಿದ್ದನ್ನು ತಾವು ಕಂಡದ್ದಾಗಿ ಗೌಡರು ಹೇಳುತ್ತಿದ್ದರು. ಯಾವ ಬಾಗಿಲಿಂದ ಜನ ಬದುಕು ಬೇಡಿ ಒಳಗೆ ಬಂದಿದ್ದರೋ ಅದೇ ಬಾಗಿಲು ಈಗ ಒಬ್ಬ ತಂದೆಯನ್ನು ಕಟ್ಟಿಹಾಕಿತ್ತು. ಇನ್ನು ಆಣೆ ಹಾಕಿ ಹೇಳಿದರೂ, ಬೈದು ಹೇಳಿದರೂ ಅವನು ಕೇಳುವವನಲ್ಲ. ಹುಡುಗಿಯ ಉಸಿರು ಏರುತ್ತಿತ್ತು. ಮುತ್ಯಾನವರು ಹೊಸ್ತಿಲನ್ನು ಒಂದು ಸಲ ನೋಡಿದರು. ಬೆಳಿಗ್ಗೆ ತಾವೇ ಹಚ್ಚಿದ್ದ ಅರಿಸಿನ ಕುಂಕುಮ ಅದರ ಮೇಲೆ ಇನ್ನೂ ಇತ್ತು. ಅದಕ್ಕೆ ಬಾಗಿ ನಮಸ್ಕರಿಸಿದರು.

ಆಮೇಲೆ, "ಗೌಡಾ, ಹಾರಿ ತಾ" ಎಂದರು.

ಗೌಡರಿಗೆ ತಿಳಿಯಲಿಲ್ಲ. ಬಾವಿಕಟ್ಟೆಯ ಹತ್ತಿರವಿದ್ದ ಹಾರೆಯನ್ನು ತಂದುಕೊಟ್ಟರು. ಮುತ್ಯಾನವರು ಅದನ್ನು ಹೊಸ್ತಿಲ ಕೆಳಗೆ ತೂರಿಸಿ ಮೀಟಿದರು. ಚೌಕಟ್ಟು ಕಿರ್ರೆಂದಿತು. ಗೋಡೆಯ ಮಣ್ಣು ಉದುರಿತು.

ಅಂಗಳದಲ್ಲಿ ಹಾಹಾಕಾರವೆದ್ದಿತು. ಶರಣಗೌಡರು ಓಡಿಬಂದು ಹಾರೆ ಹಿಡಿದುಕೊಂಡರು. "ಮುತ್ಯಾ, ಏನ ಮಾಡಾಕತ್ತೀರಿ? ಹಿರಿಯ ಮುತ್ಯಾರು ಕೂಡಿಸಿದ್ದು ಇದು. ಇದನ್ನ ಕಿತ್ತರ ಮಠ ಎಲ್ಲಿ ಉಳದೀತು? ನಾಳೆ ಯಾರ್ ಬರ್ತಾರ ಇಲ್ಲಿಗೆ?" ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಂತೆ, ಎರಡು ತಲೆಮಾರು ಕಟ್ಟಿದ ಹೆಸರು ಒಂದು ಗಳಿಗೆಯಲ್ಲಿ ಹೋಗುವುದು ಅವರಿಗೆ ಕಾಣುತ್ತಿತ್ತು.

ಮುತ್ಯಾನವರು ಹೇಳಿದ್ದು ಇಷ್ಟೇ. "ನಮ್ಮ ಗುರುಗಳು ಹೊಸ್ತಿಲಾ ಹಾಕಿದ್ದು ಮಂದಿ ಉಳೀಲಿ ಅಂತ, ಗೌಡಾ. ಮಠ ಉಳೀಲಿ ಅಂತಲ್ಲ."

ಗೌಡರು ಹಾರೆ ಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, ತಾವೂ ಅದಕ್ಕೆ ಕೈಹಚ್ಚಿ ಮೀಟಿದರು. ಈ ಭಾಗ ಹೇಳುವಾಗ ಅವರ ದನಿ ಪ್ರತಿಸಲವೂ ನಡುಗುತ್ತಿತ್ತು, ಎದೆ ಮಾತ್ರ ಉಬ್ಬುತ್ತಿತ್ತು. ಆ ಹಾರೆಯ ಮೇಲೆ ಮುತ್ಯಾನವರ ಕೈಯ ಪಕ್ಕದಲ್ಲಿ ತಮ್ಮ ಕೈ ಇತ್ತೆಂಬುದೇ ಅವರು ಬದುಕಿನಲ್ಲಿ ಗಳಿಸಿದ ಆಸ್ತಿ. ಅವರ ಹೊಲಮನೆಗಳನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊಸ್ತಿಲು ಕಿತ್ತು ಬಂದಿತು. ಮುತ್ಯಾನವರು ಅಮೋಗಿಯ ಹೆಗಲ ಮೇಲೆ ಕೈಯಿಟ್ಟರು. "ಹೊಸ್ತಿಲಾ ಹೊಂಟೈತಿ. ನಾನೂ ಹೊಂಟೀನಿ. ನಿನ್ನ ಮಗಳು ಹೊಸ್ತಿಲ ಒಳಗ ಇರ್ತಾಳ. ಏಳು."

ಅಮೋಗಿ ಬಾಯಿ ತೆರೆದು ಅವರನ್ನೇ ನೋಡಿದ. ನಂತರ ಮಗಳನ್ನು ಎತ್ತಿಕೊಂಡ.

ಹುಡುಗಿಯನ್ನು ಜೀಪಿನ ಹಿಂಭಾಗದಲ್ಲಿ ಮಲಗಿಸಿ, ಅವಳ ಕಾಲ ಬಳಿ ಹೊಸ್ತಿಲನ್ನು ಅಡ್ಡಲಾಗಿ ಇಟ್ಟರು. ಅಮೋಗಿ ಅದನ್ನು ಎರಡೂ ಕೈಯಿಂದ ಅವುಚಿ ಹಿಡಿದು ಜೀಪಿನ ಅಂಚಿನಲ್ಲಿ ಕುಳಿತ. ಮುತ್ಯಾನವರು ಹುಡುಗಿಯ ತಲೆಯ ಹತ್ತಿರ ಜೀಪಿನ ನೆಲದ ಮೇಲೆಯೇ ಕುಳಿತರು, ಗೌಡರು ಮುಂದೆ ಡಾಕ್ಟರ ಪಕ್ಕ ಹತ್ತಿದರು. ಊರ ಹಳ್ಳ ಬಂದಾಗ ಅಮೋಗಿ ಕಣ್ಣು ಮುಚ್ಚಿ ಕುಲದೇವರನ್ನು ನೆನೆದು "ಬೀರಪ್ಪಾ, ಬೀರಪ್ಪಾ" ಎನ್ನತೊಡಗಿದ. ಕಥೆಯಲ್ಲಿ ಪ್ರಾಣ ಹೋದದ್ದು ಇದೇ ಹಳ್ಳದಲ್ಲಿ. ಮುತ್ಯಾನವರು ಮಾಳವ್ವನನ್ನು ಕೇಳಿದರು: "ನಿನ್ನ ಕುರ್ಯಾಗ ಎಲ್ಲಾರಕಿಂತ ಉಡಾಳ ಯಾವುದು?"

"ಚಂದ್ರಿ" ಎಂದಳು ಹುಡುಗಿ ಕ್ಷೀಣವಾಗಿ.

"ಏನ ಮಾಡ್ತೈತಿ ಅದು?"

"ಮಂದಿ ಹೊಲಕ್ಕ ಹೊಗತೈತ್ರಿ. ಬೈಸಿಕೊಳ್ಳೂದು ನಾ."

ಜೀಪು ಹಳ್ಳ ದಾಟಿತ್ತು. ಅಮೋಗಿ ಕಣ್ಣು ತೆರೆದು ನೋಡಿದ. ಮಗಳು ಮಾತಾಡುತ್ತಿದ್ದಳು. ಅವನು ಅಳತೊಡಗಿದ.

ದವಾಖಾನೆಯ ಮುಂದೆ ಜೀಪು ನಿಂತಾಗ ಜವಾನ ರೂಢಿಯಂತೆ, "ಏ, ಹಿಂದಕ್ಕ ಸರೀರಿ! ಏನಿದು ಕಟಗಿ ತಂದೀರಿ?" ಎಂದು ಗದರಿದ.

"ಸುಮ್ಮನೆ ಆ ಕಡೆ ಹಿಡಿ" ಎಂದು ಡಾಕ್ಟರೇ ಹೊಸ್ತಿಲಿನ ಒಂದು ತುದಿಯನ್ನು ಎತ್ತಿದರು. ಅವರ ಬಿಳಿಯ ಕೋಟಿಗೆ ಅರಿಸಿನ ಮೆತ್ತಿಕೊಂಡಿತು. ಹೊಸ್ತಿಲನ್ನು ವಾರ್ಡಿನ ಬಾಗಿಲಿಗೆ ಅಡ್ಡಲಾಗಿ ಇಟ್ಟರು. ಅಮೋಗಿ ಅದನ್ನು ದಾಟಿ ಮಗಳನ್ನು ಒಳಗೆ ಒಯ್ದು ಮಂಚದ ಮೇಲೆ ಮಲಗಿಸಿದ. ಡಾಕ್ಟರು ಮದ್ದಿನ ಸೀಸೆಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ಆ ಮದ್ದು ಕೆಲವೊಮ್ಮೆ ಮೈಗೆ ಒಗ್ಗದೆ ತಿರುಗಿಬೀಳುವುದುಂಟು. ಹುಡುಗಿಗೆ ಏನಾದರೂ ಆದರೆ ಇನ್ನು ಈ ಸೀಮೆಯಲ್ಲಿ ಯಾರೂ ದವಾಖಾನೆಯ ಮುಖ ನೋಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮುತ್ಯಾನವರು ಅದನ್ನು ಕಂಡರು. ಮಂಚದ ಪಕ್ಕ ನೆಲದ ಮೇಲೆ ಕುಳಿತು ಹುಡುಗಿಯ ಕೈ ಹಿಡಿದುಕೊಂಡು ಹೇಳಿದರು: "ಮದ್ದ ನೀ ಹಾಕವ್ವಾ. ಅಂಜಿಕಿ ನಾ ನೋಡ್ಕೋತೀನಿ."

ಹುಡುಗಿಯ ಅಂಜಿಕೆಯೋ ತಮ್ಮದೋ ಎಂದು ಡಾಕ್ಟರು ಕೇಳಲಿಲ್ಲ. ಮದ್ದನ್ನು ಸೂಜಿಗೆ ಎಳೆದುಕೊಂಡರು. ಸೂಜಿ ನರ ಹಿಡಿಯಿತು.

ಬೆಳಗಾಗುವವರೆಗೆ ಮುತ್ಯಾನವರು ಅಲ್ಲಿಂದ ಏಳಲಿಲ್ಲ, ಡಾಕ್ಟರೂ ಏಳಲಿಲ್ಲ. ಬೆಳಗಿನ ಹೊತ್ತಿಗೆ ಒಸಡಿನ ರಕ್ತ ನಿಂತಿತ್ತು. ಮಾಳವ್ವ ಕಣ್ಣು ಬಿಟ್ಟು ಮಜ್ಜಿಗೆ ಕೇಳಿದಳು. ಅಮೋಗಿ ಡಾಕ್ಟರ ಕಾಲಿಗೆ ಬೀಳಬೇಕೋ ಮುತ್ಯಾನವರ ಕಾಲಿಗೆ ಬೀಳಬೇಕೋ ತಿಳಿಯದೆ, ಇಬ್ಬರ ನಡುವಿನ ನೆಲಕ್ಕೆ ಹಣೆ ಹಚ್ಚಿದ.

ಡಾಕ್ಟರು ಮುಖ ತೊಳೆಯಲು ಹೊರಗೆ ಬಂದರು. ಬಾಗಿಲಲ್ಲಿಯೇ ನಿಂತುಬಿಟ್ಟರು. ದವಾಖಾನೆಯ ಬಯಲಿನಲ್ಲಿ ಜನ ಕುಳಿತಿದ್ದರು. ಮುತ್ಯಾನವರ ಹೊಸ್ತಿಲು ಇಲ್ಲಿಗೆ ಬಂದಿದೆಯೆಂಬ ಸುದ್ದಿ ರಾತ್ರಿಯೇ ಹರಡಿ, ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಬರಿಗೈಯಲ್ಲಿ ಬಂದಿರಲಿಲ್ಲ. ವರ್ಷದಿಂದ ಕೆಮ್ಮುತ್ತಿದ್ದ ಮುದುಕನನ್ನು ತಂದಿದ್ದರು, ಜ್ವರದಲ್ಲಿ ಬೇಯುತ್ತಿದ್ದ ಕೂಸನ್ನು ತಂದಿದ್ದರು. ಹೆರಿಗೆಯಾದ ಮೇಲೆ ನಡೆಯಲಾರದೆ ಮೂಲೆ ಹಿಡಿದಿದ್ದ ಸೊಸೆಯನ್ನು ಅತ್ತೆ ತಾನೇ ಎತ್ತಿಕೊಂಡು ಬಂದಿದ್ದಳು. ಇವರಲ್ಲಿ ಯಾರನ್ನೂ ಡಾಕ್ಟರು ಹಿಂದೆ ಕಂಡಿರಲಿಲ್ಲ. ಇವರೆಲ್ಲ ಇಷ್ಟು ದಿನ ಎಲ್ಲಿದ್ದರು? ಡಾಕ್ಟರ ಬಾಗಿಲಿಂದ ಒಂದು ರಾತ್ರಿಯ ಚಕ್ಕಡಿ ದಾರಿಯಲ್ಲಿಯೇ ಇದ್ದರು.

ಡಾಕ್ಟರು ಒಳಗೆ ಬಂದು ಮುತ್ಯಾನವರ ಎದುರು ನೆಲದ ಮೇಲೆ ಕುಳಿತರು. "ಸ್ವಾಮಿಗಳೇ, ಹೊಸ್ತಿಲನ್ನ ವಾಪಸ್ ತಗೊಂಡು ಹೋಗ್ತೀರಾ?" ಎಂದು ಕೇಳಿದರು. ಹೌದೆಂದಾರೆಂಬ ಭಯ ಅವರ ದನಿಯಲ್ಲಿತ್ತು.

"ಮದ್ದ ಎಲ್ಲೈತಿ, ಅದು ಅಲ್ಲೇ ಇರಲಿ" ಎಂದರು ಮುತ್ಯಾನವರು. ಎದ್ದು ಹೊರಡುವಾಗ ತಿರುಗಿ ನಿಂತರು. "ಆದ್ರ ಪಥ್ಯ ಐತಿ."

"ಹುಡುಗಿಗಾ? ಹೇಳಿ."

"ನಿನಗ. ಬಂದವ್ರನ್ನ ಹೊಸ್ತಿಲದ ಹೊರಗ ನಿಲ್ಲಸಬ್ಯಾಡ. ನೀನ ಎದ್ದು ಬಂದು ಒಳಗ ಕರಿ."

ಡಾಕ್ಟರು ಬಯಲಿಗೆ ನಡೆದು ಹೋಗಿ, ಕೂಸಿನ ತಾಯಿಯ ಮುಂದೆ ಕುಳಿತು, ತಾವೇ ಕೈಚಾಚಿ ಕೂಸನ್ನು ಎತ್ತಿಕೊಂಡರು. ಜವಾನ ಗದರಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದನಂತೆ. ಗೌಡರು ಅವನ ಮುಖವನ್ನು ನಟಿಸಿ ತೋರಿಸುವುದನ್ನು ನೀವು ನೋಡಬೇಕಿತ್ತು.

ಮುತ್ಯಾನವರು ಊರಿಗೆ ನಡೆದುಕೊಂಡೇ ಬಂದರು. ಶರಣಗೌಡರು ಹೆದರಿದ್ದಂತೆ ಮಠಕ್ಕೆ ಬರುವವರು ಕಡಿಮೆಯಾದದ್ದು ನಿಜ. ಕಾಯಿ ಕರ್ಪೂರ ಕಡಿಮೆಯಾಯಿತು. ಅಮಾವಾಸ್ಯೆಯ ದಾಸೋಹಕ್ಕೆ ಜೋಳ ಸಾಲದೆ ಒಮ್ಮೊಮ್ಮೆ ಅಂಬಲಿಯೇ ಪ್ರಸಾದವಾಯಿತು. ಬಾಗಿಲಿಗೆ ಬೇರೆ ಹೊಸ್ತಿಲು ಮಾಡಿಸಿ ಕೊಡುತ್ತೇವೆಂದು ಭಕ್ತರು ಎಷ್ಟು ಬೇಡಿದರೂ ಅವರು ಒಪ್ಪಲಿಲ್ಲ. ಬೇವಿನ ಕೆಳಗೆ ಹಗ್ಗ ಹೊಸೆಯುತ್ತ ಕುಳಿತಿದ್ದರು. ಆ ದಿನಗಳಲ್ಲಿಯೇ ಅವರ ಮುಖದಲ್ಲಿ ಎಂದಿಲ್ಲದ ನೆಮ್ಮದಿ ಕಾಣುತ್ತಿತ್ತೆಂದು ಹತ್ತಿರದಿಂದ ಕಂಡವರು ಹೇಳುತ್ತಾರೆ.

ಮುಂದಿನದನ್ನು ನಾನು ಗೌಡರಿಂದ ಕೇಳಬೇಕಾಗಿಲ್ಲ. ಆ ವರ್ಷದ ಶ್ರಾವಣದಲ್ಲಿ ಹೆಸರುಕಾಯಿ ಬಿಡಿಸುವಾಗ ನಾಗರ ಕಚ್ಚಿದ್ದು ನನ್ನ ಕೈಗೇ.

ನನ್ನ ಅಣ್ಣಂದಿರು ನನ್ನನ್ನು ಚಕ್ಕಡಿಯಲ್ಲಿ ಹಾಕಿಕೊಂಡು, ಹಳೆಯ ರೂಢಿಯಂತೆ ಎತ್ತುಗಳನ್ನು ಮಠದ ಕಡೆಗೇ ಹೊಡೆದರು. ಭಯ ಬಂದಾಗ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ. ಬಾಗಿಲ ಮುಂದೆ ಬಂದು ನಿಂತರೆ, ಹೊಸ್ತಿಲು ಇದ್ದ ಜಾಗದಲ್ಲಿ ಬರಿಯ ಮಣ್ಣಿನ ಕುಳಿ. ನನ್ನ ರೆಪ್ಪೆಗಳು ಆಗಲೇ ಜೋಲುತ್ತಿದ್ದವು. ಮುತ್ಯಾನವರು ಎದ್ದು ಬಂದು ನನ್ನ ಹಣೆ ಮುಟ್ಟಿ, ಹೋಬಳಿಯ ದಾರಿಯ ಕಡೆಗೆ ಕೈಮಾಡಿದರು. ಈ ಸಲ ಯಾರೂ ಅಳಲಿಲ್ಲ. ದೊಡ್ಡಣ್ಣ ಹಗ್ಗ ಜಗ್ಗಿ ಎತ್ತುಗಳನ್ನು ತಿರುಗಿಸಿದ. ಮುತ್ಯಾನವರು ಕೈಬಿಡಲಿಲ್ಲ, ದಾರಿ ತೋರಿದರು ಎಂಬುದು ಅಷ್ಟು ಹೊತ್ತಿಗೆ ನಮ್ಮ ಎತ್ತುಗಳಿಗೂ ತಿಳಿದಿತ್ತೆಂದು ಅಣ್ಣ ಈಗಲೂ ತಮಾಷೆ ಮಾಡುತ್ತಾನೆ.

ದವಾಖಾನೆ ಮುಟ್ಟುವ ಹೊತ್ತಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಕಣ್ಣು ಮುಚ್ಚಿಹೋಗುತ್ತಿದ್ದವು. ಸಾವಿನ ಭಯ ಹೇಗಿರುತ್ತದೆಂದು ಆಗ ತಿಳಿಯಿತು. ಆ ಕಿರಿದಾದ ಕಣ್ಣಿನಲ್ಲಿಯೇ ನಾನು ಕಂಡೆ. ಚಕ್ಕಡಿಯ ಸದ್ದು ಕೇಳಿ ಡಾಕ್ಟರ್ ಇಂದುಮತಿಯವರು ಉಣ್ಣುತ್ತಿದ್ದ ತಟ್ಟೆ ಬಿಟ್ಟು, ಎಂಜಲು ಕೈಯಲ್ಲಿಯೇ ಹೊಸ್ತಿಲು ದಾಟಿ ಹೊರಗೆ ಓಡಿಬಂದರು. ಎಡಗೈ ನನ್ನ ತಲೆಯ ಕೆಳಗೆ ಕೊಟ್ಟು, ಹಾಸನದ ರಾಗ ಇನ್ನೂ ಬಿಡದ ನಮ್ಮ ಮಾತಿನಲ್ಲಿ ಹೇಳಿದರು:

"ಬಾ ನಮ್ಮಪ್ಪಾ, ಒಳಗ ಬಾ. ಅಂಜಬ್ಯಾ‌ಡ. ನಾ ಅದೀನಿ."